ದಾನಮ್ಮನ ಮನೆಯ ಮಗ್ಗ

ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ನಾನು ಊರೂರು ತಿರುಗಿ ದೆವ್ವದ ಕಥೆ ಕೂಡಿಸಿ ಬರೆಯುವವನು. ಎರಡು ವರ್ಷದ ಹಿಂದೆ ರಬಕವಿಯಲ್ಲಿ ನೇಕಾರರ ದಾನಮ್ಮ ನನಗೆ ಚಹಾ ಕೊಟ್ಟು, ತೀರಿಹೋದ ಮಗಳು ಮಾಲಾಳ ಸುದ್ದಿ ಹೇಳಿದ್ದರು.

"ಜ್ವರದಾಗ ಹ್ವಾದ್ಲರಿ. ಮಧ್ಯಾನ್ನ ಬಂದು ನಾಕ ಎಳಿ ನೇದು ಹೋಗತಾಳ. ಲಾಳಿ ಸಪ್ಪಳ ಕೇಳಿದ್ರ ನನಗ ಸಮಾಧಾನ."

ಅಷ್ಟು ಸಪ್ಪೆ ದೆವ್ವವನ್ನು ಯಾರು ಓದುತ್ತಾರೆ? ನಾನು ಮಾಲಾಳನ್ನು ಕೃಷ್ಣಾ ಹೊಳೆಯಲ್ಲಿ ಮುಳುಗಿಸಿ, ನೀರು ಸುರಿಸುತ್ತ ಮಗ್ಗಕ್ಕೆ ಬರುವಂತೆ ಬರೆದೆ. ಹೆಸರನ್ನೂ ಬದಲಿಸಲಿಲ್ಲ. ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ್ದು ಅದನ್ನೇ.

ಮೊನ್ನೆ ಏಪ್ರಿಲ್‌ನಲ್ಲಿ ಮತ್ತೆ ಹೋದೆ. ದಾನಮ್ಮ ಬಾ ಎನ್ನಲಿಲ್ಲ, ಬೈಯಲೂ ಇಲ್ಲ. ಮಗ್ಗದ ಹತ್ತಿರ ಕರೆದೊಯ್ದು, ನೇಯುವವರು ಕಾಲು ಇಳಿಬಿಡುವ ಕುಣಿ ತೋರಿಸಿದರು.

"ಕೈ ಇಟ್ಟ ನೋಡ್ರಿ."

ಹೊರಗೆ ಬಿಸಿಲು ಸುಡುತ್ತಿತ್ತು. ಕುಣಿಯ ಮಣ್ಣು ಹಸಿಯಾಗಿತ್ತು. ಮೊಣಕೈವರೆಗೆ ಥಂಡಿ ಏರಿತು. ಕೈ ಮೂಸಿದರೆ ಹೊಳೆಯ ಪಾಚಿಯ ವಾಸನೆ.

"ಮಂದಿ ನಿಮ್ಮ ಪುಸ್ತಕ ಓದಿ ಹೇಳಿದ್ರು. ಅವತ್ತಿಂದ ಹಿಂಗ ನೀರು ಸುರಿಸ್ಕೋತ ಬರತಾಳ. ಬಲಗೈ ಮುಷ್ಟಿ ಬಿಗಿ ಹಿಡದಾಳ್ರಿ, ಅದರ ತುಂಬ ಉಸುಕ. ಬಿಚ್ಚಾಕ ಬರವಲ್ದು, ಲಾಳಿ ಹಿಡಿಯಾಕ ಬರವಲ್ದು. ಸುಮ್ಮ ಕುಂತು ಅಳತಾಳ. ಆ ಮುಷ್ಟಿಯಷ್ಟ ಅಳಿಸಿ ಕೊಡ್ರಿ ಸರ."

ಉಸುಕಿನ ಮುಷ್ಟಿಯನ್ನು ನಾನು ಬರೆದದ್ದು ಖರೆ. ಆದರೆ ಅತಿಯಾಯಿತೆಂದು ಆ ಹಾಳೆಯನ್ನು ಅಚ್ಚಿಗೆ ಕಳಿಸುವ ಮೊದಲೇ, ಯಾರಿಗೂ ತೋರಿಸದೆ, ಒಲೆಗೆ ಹಾಕಿದ್ದೆ. ಅಳಿಸಲು ಪುಸ್ತಕದಲ್ಲಿ ಆ ಸಾಲೇ ಇಲ್ಲ.