ಅಂಗನವಾಡಿ ಹಿತ್ತಲಿನ ಶೇಂಗಾ

‘ಇವನ ಉಗುರು ಇಷ್ಟು ಕಪ್ಪಗೆ ಯಾಕಿದೆ? ಆಯಿ ನೋಡಿದರೆ ಮುಗಿಯಿತು ಕತೆ’ ಎಂದು ಮಾಲಾ ಮನಸ್ಸಿನಲ್ಲೇ ಅಂದುಕೊಂಡಳು. ಬಚ್ಚಲ ಕಲ್ಲಿನ ಮೇಲೆ ಕೂತಿದ್ದ ತಮ್ಮ ಕಾಂತೇಶನ ಕೈಗಳನ್ನು ಎಷ್ಟು ತಿಕ್ಕಿದರೂ ಮಣ್ಣು ಹೋಗುತ್ತಿರಲಿಲ್ಲ.

ಅಪ್ಪನ ತಾಯಿ, ಆಯಿ, ನೋಡಿಯೇಬಿಟ್ಟಳು.

“ನಿನ್ನೀನೂ ಹಿಂಗ, ಇವತ್ತೂ ಹಿಂಗ! ಅಂಗನವಾಡ್ಯಾಗ ಏನ್ ಮಾಡಸ್ತಾರೋ ಕಾಂತ್ಯಾ?”

ಕಾಂತೇಶ ಬಾಯಿ ತೆರೆದ. “ಶೇಂ... ಶೇಂಗಾ...”

“ಶೇಂಗಾ ಹರಿಸ್ತಾಳ! ಕೇಳಿದೇನೋ ಬಾಳೇಶಾ?” ಆಯಿ ಅಲ್ಲಿಂದಲೇ ಅಪ್ಪನನ್ನು ಕೂಗಿದಳು. “ಶೇಂಗಾ ಹರಿಯಾಕ ಆಳು ಸಿಗವಲ್ರು ಅಂತ ಊರೆಲ್ಲಾ ಒದ್ದಾಡಾಕತ್ತೈತಿ. ಆ ಅಂಗನವಾಡಿ ಯಶೋಧಾಗ ಪುಕ್ಕಟ ಆಳು ಸಿಕ್ಕಾವ ನೋಡು!”

ಅಪ್ಪ ಮೊಬೈಲ್‌ನಿಂದ ತಲೆ ಎತ್ತಿದ. “ಎಬಿಸಿಡಿ ಆದ್ರೂ ಬರತೈತೇನೋ ನಿನಗ?”

ಕಾಂತೇಶ ಮತ್ತೆ ಬಾಯಿ ತೆರೆಯುವಷ್ಟರಲ್ಲಿ, “ಬರೂದಿಲ್ಲ ಬಿಡು. ನಾಳೆ ಹೋಗಿ ಹೆಸರು ತಗಸ್ತೇನಿ. ಸೋಮವಾರದಿಂದ ಯರಗಟ್ಟಿ ಕಾನ್ವೆಂಟ್. ವ್ಯಾನ್ ಮನಿ ಮುಂದ ಬರತೈತಿ” ಎಂದ.

ಕಾಂತೇಶ ಅಕ್ಕನ ಫ್ರಾಕ್ ಹಿಂದೆ ಅಡಗಿಕೊಂಡ.

ಮಾಲಾಳಿಗೂ ಅನುಮಾನವಿತ್ತು. ಅಂಗನವಾಡಿಯಲ್ಲಿ ಕಲಿಸುವ ಯಶೋಧಾ ಅಕ್ಕೋರು ಸಂಜೆ ಮನೆಗೆ ಹೋಗುವಾಗ ಕೈಯಲ್ಲಿ ಒಂದು ಬುಟ್ಟಿ ಇರುತ್ತಿತ್ತು. ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. ಒಳಗೆ ಏನೋ?

ಮರುದಿನ ಆಟದ ಬಿಡುವಿನಲ್ಲಿ ಅವಳು ಶಾಲೆಯ ಪಕ್ಕದಲ್ಲೇ ಇದ್ದ ಅಂಗನವಾಡಿಯ ಗೋಡೆಗೆ ಆತು ಹಿತ್ತಲಿಗೆ ಇಣುಕಿದಳು.

ಆಯಿ ಹೇಳಿದ್ದು ಖರೆ! ಮಕ್ಕಳೆಲ್ಲ ಮಣ್ಣಿನಲ್ಲಿ ಕೂತು ಗಿಡದಿಂದ ಕಾಯಿ ಹರಿಯುತ್ತಿದ್ದರು. ಎದುರಿಗೆ ಕಿತ್ತು ಹಾಕಿದ ಶೇಂಗಾ ಗಿಡಗಳು. ಪಕ್ಕದಲ್ಲಿ ಅದೇ ಬುಟ್ಟಿ.

ಅಕ್ಕೋರೂ ಮಣ್ಣಿನಲ್ಲೇ ಕೂತು, ಒಂದು ಗಿಡದ ಎಲೆಗಳ ನಡುವೆ ಹುಡುಕಾಡುತ್ತಿದ್ದರು. “ಹೂ ಮ್ಯಾಲ ಬಿಟ್ಟಿತ್ತಲಾ? ಮತ್ತ ಕಾಯೀನೂ ಮ್ಯಾಲ ಇರಬೇಕು. ಎಲ್ಲಿ ಅದಾವ?”

“ಅಲ್ರೀ ಅಕ್ಕೋರ!” ಒಂದು ದನಿ ಜೋರಾಗಿ ಕೇಳಿಸಿತು. “ಹೂವಿನ ಬುಡಕ ದಾರದಂಗ ಬರತೈತ್ರಿ. ಅದು ಮಣ್ಣಾಗ ಇಳೀತೈತ್ರಿ. ಅಲ್ಲಿ... ಅಲ್ಲಿ...”

ಮಾಲಾ ಬೆಚ್ಚಿದಳು. ಅದು ಕಾಂತೇಶನ ದನಿ!

ಪಕ್ಕದ ಹುಡುಗಿ ಉತ್ತರ ಹೇಳಲು ಹೊರಟಳು. ಅಕ್ಕೋರು ‘ತಡಿ’ ಎಂಬಂತೆ ಕೈ ತೋರಿಸಿ, ಗಲ್ಲಕ್ಕೆ ಕೈಯಿಟ್ಟು ಸುಮ್ಮನೆ ಕೂತರು. ಅವರಿಗೆ ಯಾವ ಅವಸರವೂ ಇರಲಿಲ್ಲ.

“ಅಲ್ಲಿ ಕತ್ತಲಾಗ ಕಾಯಿ ಆಗತೈತ್ರಿ! ನಾ ದಿನಾ ಕೆದರಿ ನೋಡೇನ್ರಿ!”

“ಲೇ ಕಾಂತ್ಯಾ, ನನಗೂ ತೋರ್ಸೋ!” ಎಂದು ಹುಡುಗರು ಅವನ ಮೇಲೆ ಬಿದ್ದರು.

ಅಷ್ಟರಲ್ಲಿ ಅಪ್ಪನ ಬೈಕು ಬಂದು ನಿಂತಿತು. ಹಿಂದಿನಿಂದ ಆಯಿ ಇಳಿದಳು.

“ಏನವಾ ಯಶೋಧಾ, ಸಣ್ಣ ಕೂಸುಗೋಳ ಕೈಲೆ ಶೇಂಗಾ ಹರಸ್ತೀಯಲಾ, ನಿನ್ನ ಹೊಲದಾಗೂ ದುಡಿಯಾಕ ಹಚ್ಚಾಕಿ ಏನು?”

“ಹರೀತಾರ, ಎಣಸ್ತಾರ, ಆಮ್ಯಾಲ ಅವರ ತಿಂತಾರ್ರಿ ಆಯಿ. ಇಲ್ಲಿ ಗ್ಯಾಸ್ ತೀರೈತಿ. ಮನ್ಯಾಗ ಕುದಿಸಿ ಮುಂಜಾನೆ ಇದ ಬುಟ್ಯಾಗ ತರತೇನ್ರಿ.”

“ಹೇಳಾಕೇನು, ಹೇಳತಿ!”

ಅಪ್ಪ ಕಾಂತೇಶನ ಎದುರು ನಿಂತ. “ಇಲ್ಲೇನ್ ಕಲ್ತಿ? ಲಗೂ ಹೇಳು. ಹೂಂ, ಹೇಳು!”

ಈಗತಾನೆ ಕೂಗುತ್ತಿದ್ದ ಕಾಂತೇಶ ತುಟಿ ಬಿಗಿದು ನೆಲ ನೋಡತೊಡಗಿದ.

“ನೋಡಿದ್ರಿಲ್ರೀ ಅಕ್ಕೋರ? ಏನೂ ಬರೂದಿಲ್ಲ ಇವಗ.” ಅಪ್ಪ ಅವನ ಕೈ ಹಿಡಿದು ಬೈಕಿನ ಕಡೆ ಎಳೆದ.

ತರಗತಿಯಲ್ಲಿ ಮಾಲಾ ಹಾಜರಿಯನ್ನೂ ಪಿಸುದನಿಯಲ್ಲೇ ಹೇಳುವವಳು. ಆದರೂ ಅವಳು ಗೋಡೆ ಬಳಸಿ ಓಡಿ ಬಂದು ಬೈಕಿಗೆ ಅಡ್ಡ ನಿಂತಳು. ಎಲ್ಲರೂ ಅವಳನ್ನೇ ನೋಡಿದರು.

“ನಿಂದೇನವಾ ಈಗ?” ಎಂದ ಅಪ್ಪ.

“ಅಪ್ಪಾ, ಅಂವಗ ಎಲ್ಲಾ ಹೇಳಾಕ ಬರತೈತಿ. ನಾವ ಮಾತು ಮುಗಸಾಕ ಬಿಡೂದಿಲ್ಲ.”