ಏಳನೇ ಕುಳಿಯ ಕಂದು ಕಲೆಗಳು

ಮಂಗಳವಾರ ಬೆಳಿಗ್ಗೆ ಆರೂವರೆ. ಗಾಲ್ಫ್ ಮೈದಾನದ ಏಳನೇ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ತಟ್ಟೆಯಗಲದ ಕಂದು ಕಲೆಗಳು. ಬಾಳಪ್ಪ ಎಣಿಸಿದ. ಹದಿನೇಳು.

ಮ್ಯೂನಿಕ್ ಹೊರವಲಯದ ಆ ಗಾಲ್ಫ್ ಕ್ಲಬ್ಬಿನ ಹುಲ್ಲು ಕಾಯುವುದೇ ಅವನ ಕೆಲಸ. ಶನಿವಾರ ದೊಡ್ಡ ಪಂದ್ಯವಿತ್ತು. ಕಾರ್ಯದರ್ಶಿ ಫ್ರಾವ್ ಕೆಸ್ಲರ್, ಅಂದರೆ ಕೆಸ್ಲರ್ ಮೇಡಂ, ಕಲೆ ಕಂಡು ಸಿಡಿದರು.

"ನಿನ್ನೆ ಗೊಬ್ಬರ ಹಾಕಿದ್ದು ನೀವು. ಸಂಜೆಯೊಳಗೆ ಕಾರಣ ಹೇಳಿ. ಇಲ್ಲವೇ ಕೆಲಸ ಬಿಡಿ."

ಬಾಳಪ್ಪ ವಿಭಾಳಿಗೆ ಫೋನ್ ಮಾಡಿ ವಿಷಯ ಹೇಳಿದ. ಧಾರವಾಡದ ವಿಭಾ ಹತ್ತಿರದ ಗಾರ್ಕಿಂಗ್ ಊರಿನಲ್ಲಿ ಮಣ್ಣಿನ ವಿಜ್ಞಾನಿ. ಕನ್ನಡ ಸಂಘದಲ್ಲಿ ಪರಿಚಯ.

"ಅಕ್ಕಾರ, ನಾ ಗೊಬ್ಬರದ ಅಳತಿ ತಪ್ಪಿಲ್ರೀ."

"ಏನೂ ಮುಟ್ಟಬ್ಯಾಡ. ಬಂದೆ."

* * *

ವಿಭಾ ಮಂಡಿಯೂರಿ ನೋಡಿದಳು.

"ಗೊಬ್ಬರ ಮಶೀನಲೆ ಹಾಕಿದಿ?"

"ಹೌದ್ರೀ."

"ಹಂಗಾರ ಪಟ್ಟಿ ಪಟ್ಟಿ ಸುಡಬೇಕಿತ್ತು. ಇವು ದುಂಡಗ ಅದಾವ."

"ಬಾಜೂ ಹೊಲದ ಮುದುಕ ಇರಬಹುದೇನ್ರೀ? ಚೆಂಡು ಬಿದ್ದಾಗೊಮ್ಮೆ ಬೈತಾನ."

"ಸಿಟ್ಟಿದ್ದಾಂವ ಎಲ್ಲಾ ಹಾಳು ಮಾಡ್ತಿದ್ದ. ಇಲ್ನೋಡು."

ಪ್ರತಿ ಕಲೆಯ ನಡುವೆಯೂ ಒಣಗಿದ ಮೂರೆಲೆಯ ಕಳೆ. ಕಳೆ ಇದ್ದಲ್ಲಿ ಮಾತ್ರ ಹುಲ್ಲು ಸತ್ತಿತ್ತು.

ವಿಭಾ ಆ ಮಣ್ಣನ್ನು ನೀರಲ್ಲಿ ಕಲಸಿ ಮೀಟರ್ ಅದ್ದಿದಳು. ಮುಳ್ಳು ಸರ್ರನೆ ಏರಿತು.

"ಉಪ್ಪು! ಬಾಳಪ್ಪ, ಕ್ಲಬ್ಬಿನ್ಯಾಗ ಯಾರರೆ ಸಮುದ್ರದ ಕಡೆ ಹೋಗಿ ಬಂದಾರೇನು?"

"ಅಧ್ಯಕ್ಷರು ಯಾವುದೋ ದ್ವೀಪಕ್ಕ ಹೋಗಿದ್ರು. ಹೋದ ವಾರ ಬಂದಾಗಿಂದ ಅಲ್ಲಿ ಹುಲ್ಲಿನ ಫೋಟೋನ ತೋರಸಾಕತ್ತಾರ."

* * *

ಮಧ್ಯಾಹ್ನ ಎಲ್ಲರೂ ಕ್ಲಬ್ಬಿನ ಕೋಣೆಯಲ್ಲಿ ಸೇರಿದರು. ಅಧ್ಯಕ್ಷ ಲಿಂಡ್ನರ್ ಅವರ ಮುಖ ಬಿಸಿಲಿಗೆ ಕೆಂಪೇರಿತ್ತು.

"ದ್ವೀಪದ ಮೈದಾನ ಹೇಗಿತ್ತು?" ವಿಭಾ ಕೇಳಿದಳು.

"ಗಂಬಳಿ ಹಾಸಿದ ಹಾಗೆ! ಒಂದು ಕಳೆಯಿಲ್ಲ. ನಮ್ಮಲ್ಲೇಕೆ ಹಾಗಿಲ್ಲ?"

"ಕಳೆಗೆ ಏನು ಹಾಕುತ್ತಾರಂತೆ?"

"ಪಕ್ಕದಲ್ಲೇ ಇದೆಯಲ್ಲ, ಸಮುದ್ರದ ನೀ..."

ಫ್ರಾವ್ ಕೆಸ್ಲರ್ ನಿಧಾನವಾಗಿ ಲಿಂಡ್ನರ್ ಅವರತ್ತ ತಿರುಗಿದರು.

"ಅಲ್ಲಿನ ಹುಲ್ಲಿನ ಜಾತಿಯೇ ಬೇರೆ," ವಿಭಾ ಹೇಳಿದಳು. "ಉಪ್ಪುನೀರು ಬಿದ್ದರೆ ಕಳೆ ಸಾಯುತ್ತದೆ, ಹುಲ್ಲು ಬದುಕುತ್ತದೆ. ಇಲ್ಲಿನ ಹುಲ್ಲಿಗೆ ಅದು ವಿಷ. ಕಳೆ ಹುಡುಕಿ ಹುಡುಕಿ ಸುರಿದವರು ಮೈದಾನ ಚೆನ್ನಾಗಿರಲಿ ಎಂದೇ ಸುರಿದಿದ್ದಾರೆ. ಉಪ್ಪಿನ ಉಪಾಯವನ್ನು ಕಣ್ಣಾರೆ ಕಂಡು ಬಂದವರು ಇಲ್ಲಿ ನೀವೊಬ್ಬರೇ."

ಲಿಂಡ್ನರ್ ತಲೆ ತಗ್ಗಿಸಿದರು. "ಭಾನುವಾರ ಸಂಜೆ ಒಂದು ಬಕೆಟ್ ಉಪ್ಪುನೀರು ಕಲಸಿ ಸುರಿದೆ. ಸೋಮವಾರ ಏನೂ ಕಾಣಲಿಲ್ಲ. ಇವತ್ತು ಕಲೆ ಕಂಡಾಗ ಹೇಳಲು ಬಾಯಿ ಬರಲಿಲ್ಲ. ಬೈಗುಳ ಬಾಳಪ್ಪನ ಪಾಲಾದಾಗಲೂ ಸುಮ್ಮನಿದ್ದೆ." ಅವರು ಎದ್ದು ಬಾಳಪ್ಪನೆದುರು ಕೈ ಚಾಚಿದರು. "ಕ್ಷಮಿಸಿ."

ಬಾಳಪ್ಪ ಅಂಗೈಯ ಮಣ್ಣು ಒರೆಸಿಕೊಂಡ. ಆಮೇಲೆ ಕೈ ಕುಲುಕಿದ.

"ನನ್ನಿಂದಲೂ ತಪ್ಪಾಯಿತು," ಎಂದರು ಫ್ರಾವ್ ಕೆಸ್ಲರ್.

* * *

ಎರಡು ದಿನ ಸಿಹಿನೀರು ಹರಿಸಿ ಉಪ್ಪು ತೊಳೆದರು. ಗುರುವಾರ ಸತ್ತ ಹುಲ್ಲು ಕಿತ್ತು, ಕ್ಲಬ್ಬಿನ ಹಿತ್ತಲಲ್ಲಿ ಬೆಳೆಸಿದ್ದ ಮಡಿಯಿಂದ ಹೊಸ ಹುಲ್ಲಿನ ಹೆಂಟೆ ತಂದು ಕೂರಿಸಿದರು. ತಳ್ಳುಗಾಡಿ ತಳ್ಳಿದ್ದು ಲಿಂಡ್ನರ್. ಬಾಳಪ್ಪ ತೋರಿಸಿದಲ್ಲಿ ಇಟ್ಟರು, ಬೇಡವೆಂದಲ್ಲಿ ತೆಗೆದರು.

ಕೆಲಸ ಮುಗಿಯುವ ಹೊತ್ತಿಗೆ ವಿಭಾ ಬಂದು ಮಣ್ಣು ಪರೀಕ್ಷಿಸಿದಳು. ಮೀಟರಿನ ಮುಳ್ಳು ಈ ಸಲ ಮೇಲೇರಲಿಲ್ಲ.

"ಕುಂದರ್ರಿ ಅಕ್ಕಾರ, ರೊಟ್ಟಿ ಅದಾವ," ಎಂದ ಬಾಳಪ್ಪ.

ಮೂವರೂ ಬಿಸಿಲಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದರು. ಚಟ್ನಿಯ ಖಾರಕ್ಕೆ ಲಿಂಡ್ನರ್ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಇನ್ನೊಂದು ರೊಟ್ಟಿಗೆ ಕೈ ಚಾಚಿದರು.