ಕ್ಲೇಟನ್ ಇಲ್ಲದ ದಿನ

ಕ್ಲೇಟನ್‌ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದೇ ಮಾತಿನಿಂದ. ರಿಸೆಪ್ಷನ್ನಿನ ಅನ್ವಿತಾಳ ಕುರ್ಚಿಯ ಹಿಂದೆ ನಿಂತು ಡಾಕ್ಟರ್ ಅಬ್ದುಲ್ ನಾಸಿರ್ ಹೇಳುತ್ತಿದ್ದರು: "ಎಲ್ಲಾ ಕಲಿತುಕೊ ಮಾರಾಯ್ತಿ. ಕ್ಲೇಟನ್ ಇಲ್ಲದಿದ್ರೂ ಕ್ಲಿನಿಕ್ ನಡೀಬೇಕು."

ಇಲ್ಲದಿದ್ದರೂ! ಕೊಲ್ಲಿ ದೇಶದ ಖೈತಾನಿನ ಈ ಕ್ಲಿನಿಕ್ಕಿನಲ್ಲಿ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವನು ಅವನು. ಅದಕ್ಕೆ ಸಾಫ್ಟ್‌ವೇರನ್ನೂ ಪುಕ್ಕಟೆ ತಂದಿದ್ದ: ಯಾರು ಬೇಕಾದರೂ ಇಳಿಸಿಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದ ಓಪನ್ ಸೋರ್ಸ್. ಸೇರಿದ ದಿನ ಅವನು ಕೇಳಿದ್ದೊಂದಕ್ಕೆ, "ಮೊದಲು ಸಿಸ್ಟಂ ಗಟ್ಟಿ ನಿಲ್ಲಲಿ, ಮತ್ತೆ ನೋಡುವಾ" ಎಂದು ಡಾಕ್ಟರು ಮಾತು ತೇಲಿಸಿದ್ದರು. ಈಗ ಸಿಸ್ಟಂ ಗಟ್ಟಿ ನಿಂತಿತು, ಅವನನ್ನು ಊರಿಗೆ ಅಟ್ಟುವ ಏರ್ಪಾಡು ನಡೆದಿದೆ! ಇಲ್ಲಿ ವಾಸಕ್ಕಿರುವ ಪರವಾನಗಿ, ಇಕಾಮಾ, ರದ್ದಾದರೆ ಅಹ್ಮದಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಫ್ರೀಡಾ ಒಂದು ದೇಶ, ಅವನೊಂದು ದೇಶ. ಈಗ ಇರುವುದೇ ಶುಕ್ರವಾರ ಚರ್ಚಿನ ಬಲಿಪೂಜೆ ಮುಗಿದ ಮೇಲೆ ಸಿಗುವ ಅರ್ಧ ದಿನದ ಸಂಸಾರ. ಅದಕ್ಕೂ ಕಲ್ಲು ಬೀಳುವುದಿತ್ತು.

ಅವನು ಕೂಗಾಡಲಿಲ್ಲ. ಸಾಫ್ಟ್‌ವೇರಿನೊಳಗೆ ತಣ್ಣಗೆ ಒಂದು ಸಾಲು ಸೇರಿಸಿದ, ಅಷ್ಟೆ. ಬೆಳಿಗ್ಗೆ ಅವನು ಬಂದು ತನ್ನ ಪಾಸ್‌ವರ್ಡ್ ಒತ್ತದಿದ್ದರೆ ಯಾವ ರೋಗಿಯ ದಾಖಲೆಯೂ ತೆರೆಯದು. ಒತ್ತಿದರೆ ಎಲ್ಲ ಸುಸೂತ್ರ. ದೂರು ಕೊಡೋಣವೆಂದರೆ ಇದರ ಹಿಂದೆ ಯಾವ ಕಂಪನಿಯೂ ಇಲ್ಲ. ಇಡೀ ಜಗತ್ತಿಗೆ ತೆರೆದಿಟ್ಟ ಸಾಫ್ಟ್‌ವೇರ್, ಆದರೆ ಈ ಕ್ಲಿನಿಕ್ಕಿನಲ್ಲಿ ಅದರೊಳಗೆ ಇಣುಕಬಲ್ಲವನು ಅವನೊಬ್ಬನೇ. ಹಳೆಯ ಫೈಲುಗಳು ಕಪಾಟಿನಲ್ಲೇ ಇವೆಯಲ್ಲ, ಯಾರ ಜೀವಕ್ಕೂ ಅಪಾಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಭಾನುವಾರ ಜ್ವರವೆಂದು ಮೆಸೇಜು ಕಳಿಸಿ ಮನೆಯಲ್ಲೇ ಉಳಿದ. ಚಹಾ ಕುದಿಯುವಷ್ಟರಲ್ಲಿ ಅನ್ವಿತಾಳ ಫೋನು ಬಂತು.

"ಕ್ಲೇಟನ್ ಅಣ್ಣಾ, ಯಾರದ್ದೂ ಓಪನ್ ಆಗ್ತಾ ಇಲ್ಲ! ಡಾಕ್ಟ್ರು ತಲೆ ಮೇಲೆ ಕೈ ಇಟ್ಟು ಕೂತಿದ್ದಾರೆ."

ಚಹಾ ಕುಡಿದೇ ಹೊರಟ. ಕಾರಿಡಾರಿನವರೆಗೂ ರೋಗಿಗಳು, ಎರಡು ಭಾಷೆಯಲ್ಲಿ ಬೈಗುಳ. ಕ್ಲೇಟನ್ ಕೆಮ್ಮುತ್ತ ಕೂತು, ಹುಬ್ಬು ಗಂಟಿಕ್ಕಿ ಏನೇನೋ ಕುಟ್ಟಿ, ಕೊನೆಗೆ ಪಾಸ್‌ವರ್ಡ್ ಒತ್ತಿದ. ತೆರೆಯಿತು. ಡಾಕ್ಟರು ಅವನ ಎರಡೂ ಕೈ ಹಿಡಿದುಕೊಂಡರು.

"ನೀನಿಲ್ಲದಿದ್ರೆ ಇವತ್ತು ನನ್ನ ಕತೆ ಮುಗೀತಿತ್ತು ಮಾರಾಯ."

ಗೆದ್ದೆ ಎಂದುಕೊಂಡ ಕ್ಲೇಟನ್. ಎಂಥ ಹಗುರ ಅನ್ನಿಸಿತು ಎದೆ! ಡಾಕ್ಟರು ಅವನೆದುರಿಗೇ ಅವನಿಗೆ ವೀಸಾ ಕೊಟ್ಟ ಅರಬ್ಬಿ ಧಣಿ, ಕಫೀಲನಿಗೆ ಫೋನು ಮಾಡಿದರು. ಅರಬ್ಬಿಯ ಮಾತಿನ ನಡುವೆ ಅವನ ಹೆಸರು ಬಂತು, ಅಹ್ಮದಿ ಎಂದೂ ಬಂತು, ಕೊನೆಗೆ ಖಲಾಸ್.

"ನಿನ್ನನ್ನು ಅಹ್ಮದಿಯ ಆಸ್ಪತ್ರೆಗೆ ರಿಲೀಸ್ ಮಾಡ್ಲಿಕ್ಕೆ ಕಫೀಲನನ್ನು ಒಪ್ಪಿಸಿ ಇಟ್ಟಿದ್ದೆ," ಎಂದರು ಫೋನಿಟ್ಟು. "ಅನ್ವಿತಾಗೆ ಕಲಿಸಿದ್ದೂ ಅದಕ್ಕೇ. ಈಗ ಹೇಗೆ ಬಿಡುವುದು? ಬೇಡ ಅಂತ ಹೇಳಿದೆ."

ಕ್ಲೇಟನ್ ಕುರ್ಚಿ ಬಿಟ್ಟು ಎದ್ದ. ನಿಜ ಹೇಳಿದರೆ ಅಹ್ಮದಿಯಲ್ಲ, ಜೈಲು. "ಡಾಕ್ಟ್ರೇ, ಇನ್ನು ಕೆಡುವುದಿಲ್ಲ. ಗ್ಯಾರಂಟಿ."

"ನೀನು ಇದ್ರೆ ಕೆಡುವುದಿಲ್ಲ. ನಾನು ಹೇಳುವುದೂ ಅದನ್ನೇ."

"ಆದ್ರೆ ಅಹ್ಮದಿ... ನಿಮಗೆ ಯಾರು ಹೇಳಿದ್ದು?"

ಡಾಕ್ಟರು ಮುಂದಿನ ರೋಗಿಯನ್ನು ಕರೆಯಲು ಬೆಲ್ಲು ಒತ್ತಿ, ಅವನನ್ನು ವಿಚಿತ್ರವಾಗಿ ನೋಡಿದರು. "ಎಂತ, ಮರೆತೆಯಾ? ಸೇರಿದ ದಿನ ನೀನೇ ಕೇಳಿದ್ದಲ್ವಾ, ಹೆಂಡತಿ ಇರುವಲ್ಲಿ ಕೆಲಸ ಸಿಕ್ಕಿದ್ರೆ ಬಿಡ್ತೀರಾ ಅಂತ."